ಬನವಾಸಿಯನ್ನು ಬರೆದವರು

ಬನವಾಸಿಯನ್ನು ಕುರಿತು ನಾನು ಮೊದಲ ಬಾರಿಗೆ ಬರೆಯಲು ಕುಳಿತದ್ದು ನನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಬಾಲ್ಯದ ಬೇಸಗೆಯ ರಜೆಗಳನ್ನೆಲ್ಲ ಆ ಊರಿನ ರಥಬೀದಿಯಲ್ಲಿದ್ದ ಅಜ್ಜಿಯ ಮನೆಯಲ್ಲಿ ಕಳೆದು, ವಿದ್ಯಾಭ್ಯಾಸದ ನಿಮಿತ್ತ ದೂರದ ನಗರವನ್ನು ಸೇರಿ, ಅಲ್ಲಿಯ ಬಾಡಿಗೆಯ ಕೋಣೆಯೊಂದರಲ್ಲಿ ಮಳೆಗಾಲದ ಒಂದು ರಾತ್ರಿ ಹಂಚಿನಿಂದ ನೀರು ತೊಟ್ಟಿಕ್ಕುವ ಸದ್ದನ್ನು ಕೇಳುತ್ತ ಎಚ್ಚತ್ತಿದ್ದಾಗ, ಆ ಊರನ್ನು ಬರೆಯದ ಹೊರತು ಇನ್ನು ನನಗೆ ನೆಮ್ಮದಿಯಿಲ್ಲವೆಂದು ತೋರಿತು. ಮರುದಿನದಿಂದಲೇ ಗ್ರಂಥಾಲಯದಲ್ಲಿ ಕುಳಿತೆ. ಕದಂಬರ ವಂಶಾವಳಿಯನ್ನೂ, ಶಾಸನಗಳ ಸಾರಾಂಶವನ್ನೂ, ಮಧುಕೇಶ್ವರ ದೇವಾಲಯದ ಗರ್ಭಗೃಹ, ಅಂತರಾಳ, ಮಂಟಪಗಳ ವಿನ್ಯಾಸವನ್ನೂ, ನಂದಿಯ ಎತ್ತರವನ್ನೂ, ಶಿಲಾಮಂಚದ ಕೆತ್ತನೆಯನ್ನೂ ಒಂದೊಂದಾಗಿ ಸಂಗ್ರಹಿಸಿ, ಇಪ್ಪತ್ತು ಪುಟಗಳ ಪ್ರಬಂಧವೊಂದನ್ನು ಸಿದ್ಧಪಡಿಸಿದೆ. ಅದನ್ನು ಕೈಯಲ್ಲಿ ಹಿಡಿದುಕೊಂಡು ಮುಂದಿನ ರಜೆಯಲ್ಲಿ ಊರಿಗೆ ಹೋದೆ; ಜಗಲಿಯಲ್ಲಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದ ಅಜ್ಜಿಗೆ ಆದ್ಯಂತವಾಗಿ ಓದಿ ಹೇಳಿದೆ.

ಅಜ್ಜಿ ಒಂದು ಮಾತನ್ನೂ ಆಡದೆ ಕೇಳಿದಳು. ಓದು ಮುಗಿದ ಮೇಲೆ, ಕೈಯಲ್ಲಿದ್ದ ಬತ್ತಿಯ ತುದಿಗೆ ಹಾಲು ಸವರಿ ತಟ್ಟೆಯಲ್ಲಿಟ್ಟು, "ಚೊಲೋ ಇದ್ದು ತಮಾ, ಆದ್ರೆ ಹೊಳೆ ಎಲ್ಲಿದ್ದು?" ಎಂದಳು.

ಬನವಾಸಿಯನ್ನು ಬಲ್ಲವರಿಗೆ ಆ ಪ್ರಶ್ನೆಯ ಭಾರ ಅರ್ಥವಾದೀತು. ವರದಾನದಿ ಆ ಊರಿನ ಪಕ್ಕದಲ್ಲಿ ಹರಿಯುವುದಲ್ಲ; ಮೂರು ಕಡೆಗಳಿಂದ ಊರನ್ನು ಬಳಸಿಕೊಂಡು, ತೋಳಿನಲ್ಲಿ ಮಗುವನ್ನು ಇಟ್ಟುಕೊಂಡಂತೆ ಇಟ್ಟುಕೊಂಡು ಹರಿಯುತ್ತದೆ. ನನ್ನ ಪ್ರಬಂಧದಲ್ಲಿ ಹೊಳೆ ಇಲ್ಲದೆ ಇರಲಿಲ್ಲ. ಸಾಗರ ಸೀಮೆಯಲ್ಲಿ ಇಕ್ಕೇರಿಯ ಸಮೀಪದ ವರದಾಮೂಲದಲ್ಲಿ ಹುಟ್ಟಿ, ಪಡುವಣ ಕಡಲು ಅಷ್ಟು ಹತ್ತಿರದಲ್ಲಿದ್ದರೂ ಅದಕ್ಕೆ ಬೆನ್ನು ತಿರುಗಿಸಿ, ಬಡಗುಮೂಡಲಾಗಿ ಬಯಲುಸೀಮೆಯ ಕಡೆಗೆ ನಡೆದು, ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆಂದು ಒಂದು ವಾಕ್ಯವನ್ನು ಬರೆದಿದ್ದೆ. ಆ ವಾಕ್ಯ ಸತ್ಯವೇ. ಆದರೆ ಅರುವತ್ತು ವರ್ಷಗಳ ಕಾಲ ದಿನವೂ ಬೆಳಗ್ಗೆ ಆ ನೀರಿಗೆ ಇಳಿದು ಬಂದವಳಿಗೆ ಅದು ಕೇಳಿಸಲಿಲ್ಲ. ಕೇಳಿಸುವಂತೆ ನಾನು ಬರೆದಿರಲಿಲ್ಲ.

ಆ ಪ್ರಶ್ನೆ ನನ್ನನ್ನು ಬಹುಕಾಲ ಹಿಂಬಾಲಿಸಿತು. ಪ್ರೀತಿಯ ಸ್ಥಳವೊಂದನ್ನು ಅಕ್ಷರಕ್ಕೆ ಇಳಿಸಬಯಸಿದವರಲ್ಲಿ ನಾನು ಮೊದಲನೆಯವನಲ್ಲವೆಂದೂ, ಅದರಲ್ಲಿಯೂ ಬನವಾಸಿಯನ್ನು ನನಗಿಂತ ಎರಡು ಸಾವಿರ ವರ್ಷಗಳಷ್ಟು ಹಿಂದಿನಿಂದ ಜನ ಬರೆಯುತ್ತ ಬಂದಿದ್ದಾರೆಂದೂ ನೆನೆದು, ಅವರು ಹೇಗೆ ಬರೆದರೆಂಬುದನ್ನು ನೋಡತೊಡಗಿದೆ. ಊರಿನ ಇತಿಹಾಸಕ್ಕಾಗಿ ಹಿಂದೆ ಓದಿದ್ದ ಶಾಸನಗಳನ್ನೇ, ಗ್ರಂಥಗಳನ್ನೇ, ಈ ಬಾರಿ ಬರೆದವನ ಕಣ್ಣು ಎಲ್ಲಿ ನಿಂತಿತ್ತೆಂದು ಹುಡುಕುತ್ತ ಓದಿದೆ.

ಅತಿ ಪ್ರಾಚೀನವಾದ ಉಲ್ಲೇಖಗಳಲ್ಲಿ ಊರಿನ ಹೆಸರಿಗಿಂತ ಹೆಚ್ಚಿನದೇನೂ ಇಲ್ಲ. ಅಶೋಕನ ಕಾಲದಲ್ಲಿ ರಕ್ಷಿತನೆಂಬ ಸ್ಥವಿರನನ್ನು ಧರ್ಮಪ್ರಚಾರಕ್ಕಾಗಿ ವನವಾಸಕ್ಕೆ ಕಳುಹಿಸಲಾಯಿತೆಂದು ಸಿಂಹಳದ ಮಹಾವಂಶ ಹೇಳುತ್ತದೆ. ಕ್ರಿಸ್ತಶಕ ಎರಡನೆಯ ಶತಮಾನದ ಟಾಲೆಮಿ ತನ್ನ ಭೂಗೋಳದ ಪಟ್ಟಿಯಲ್ಲಿ ಅದನ್ನು ಗ್ರೀಕ್ ನಾಲಗೆಗೆ ಒಗ್ಗುವಂತೆ ತಿರುಚಿ ಸೇರಿಸಿಕೊಂಡಿದ್ದಾನೆ. ಇವರಾರೂ ಊರನ್ನು ಕಂಡವರಲ್ಲ. ಊರನ್ನು ಕಂಡವನೊಬ್ಬನ ದನಿ ನನಗೆ ಮೊದಲು ಕೇಳಿದ್ದು ಬನವಾಸಿಯಲ್ಲಿಯೂ ಅಲ್ಲ, ಕನ್ನಡನಾಡಿನಲ್ಲಿಯೂ ಅಲ್ಲ, ಸಹ್ಯಾದ್ರಿಯ ಬಡಗಣ ಸಾಲಿನಲ್ಲಿ, ಪುಣೆಯಿಂದ ಮುಂಬಯಿಗೆ ಇಳಿಯುವ ಘಟ್ಟದ ಹಾದಿಯ ಕಾರ್ಲೆಯ ಬೌದ್ಧಗುಹೆಯಲ್ಲಿ. ಅಲ್ಲಿಯ ಮಹಾಚೈತ್ಯದ ಮುಂಭಾಗದಲ್ಲಿ ಭೂತಪಾಲನೆಂಬ ಶ್ರೇಷ್ಠಿಯ ಪ್ರಾಕೃತ ಶಾಸನವಿದೆ. ಜಂಬೂದ್ವೀಪದಲ್ಲಿಯೇ ಉತ್ತಮವಾದ ಶಿಲಾಗೃಹವನ್ನು ತಾನು ಪೂರ್ಣಗೊಳಿಸಿದೆನೆಂದು ಅವನು ಹೇಳಿಕೊಳ್ಳುತ್ತಾನೆ. ಆ ಚಿಕ್ಕ ಶಾಸನದ ಮೊತ್ತಮೊದಲ ಪದ ಅವನ ಹೆಸರಲ್ಲ, ಅವನ ಪದವಿಯಲ್ಲ, ಅವನ ಊರು. ವೈಜಯಂತಿಯಿಂದ ಬಂದವನು ಎಂದು ಹೇಳಿಕೊಂಡ ಮೇಲೆಯೇ ಅವನು ತಾನು ಯಾರೆಂಬುದನ್ನು ತಿಳಿಸುತ್ತಾನೆ. ಆ ವೈಜಯಂತಿ ನಮ್ಮ ಬನವಾಸಿಯೇ ಎಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿದ್ದಾರೆ. ಎತ್ತಿನ ಬೆನ್ನಿನ ಮೇಲೆ ಸರಕು ಹೇರಿಕೊಂಡು ಘಟ್ಟದ ಹಾದಿಗಳಲ್ಲಿ ನೂರಾರು ಗಾವುದ ನಡೆದು, ಪರಸೀಮೆಯಲ್ಲಿ ಸಂಪತ್ತನ್ನು ಗಳಿಸಿ, ಆ ಸಂಪತ್ತನ್ನು ಕಲ್ಲಿನಲ್ಲಿ ಸಾರ್ಥಕಗೊಳಿಸುವ ಗಳಿಗೆಯಲ್ಲಿ ಒಬ್ಬ ವರ್ತಕನಿಗೆ ಮೊದಲು ನೆನಪಾದದ್ದು ತಾನು ಬಿಟ್ಟು ಬಂದ ಊರು.

ಇದಕ್ಕೆ ಜೊತೆಯಾಗಿ ನಿಲ್ಲಬಲ್ಲ ಇನ್ನೊಂದು ಶಾಸನ ಕೃಷ್ಣಾತೀರದ ನಾಗಾರ್ಜುನಕೊಂಡದಲ್ಲಿದೆ. ಇಕ್ಷ್ವಾಕು ವಂಶದ ವೀರಪುರುಷದತ್ತನ ಮಗಳು ಕೊಡಬಲಿಸಿರಿ ವನವಾಸದ ಮಹಾರಾಜನ ರಾಣಿಯಾಗಿ ಬಂದವಳು; ಆಕೆ ತನ್ನ ತವರಿನಲ್ಲಿ ಭಿಕ್ಷುಗಳಿಗಾಗಿ ವಿಹಾರವೊಂದನ್ನು ಕಟ್ಟಿಸಿ, ತಾನು ವನವಾಸದ ಅರಸನ ಮಡದಿಯೆಂದು ಬರೆಯಿಸಿದಳು. ತವರಿನ ಮಣ್ಣಿನಲ್ಲಿ ನಿಂತು ಮೆಟ್ಟಿದ ಮನೆಯ ಊರನ್ನು ಹೇಳಿಕೊಳ್ಳುವ ಈ ಹೆಣ್ಣುಮಗಳ ಮಾತನ್ನು ಓದಿದಾಗಲೆಲ್ಲ, ಮದುವೆಯಾಗಿ ಘಟ್ಟದ ಕೆಳಗಿನಿಂದ ಬನವಾಸಿಗೆ ಬಂದು, ತವರಿಗೆ ಹೋದಾಗ ಅಲ್ಲಿಯ ಹೊಳೆಗಿಂತ ನಮ್ಮ ಹೊಳೆಯ ನೀರೇ ತಿಳಿಯೆಂದು ವಾದಿಸುತ್ತಿದ್ದ ನನ್ನ ಅಜ್ಜಿ ಕಣ್ಣ ಮುಂದೆ ಬರುತ್ತಾಳೆ.

ಊರಿನೊಳಗೇ ಇರುವ ಪ್ರಾಚೀನ ಬರಹವನ್ನು ನಾನು ಬಾಲ್ಯದಲ್ಲಿ ಕೈಯಿಂದ ಮುಟ್ಟಿದ್ದೇನೆ. ಅದು ಬರಹವೆಂಬುದು ಮಾತ್ರ ಆಗ ನನಗೆ ತಿಳಿದಿರಲಿಲ್ಲ. ಮಧುಕೇಶ್ವರ ದೇವಾಲಯದ ಪ್ರಾಕಾರದಲ್ಲಿ ಐದು ಹೆಡೆಗಳ ನಾಗಶಿಲೆಯೊಂದಿದೆ. ಹೆಡೆಗಳು ಬೀಸಣಿಗೆಯಂತೆ ಹರಡಿಕೊಂಡಿವೆ. ಮೈ ಸುರುಳಿ ಸುತ್ತಿ ಕೆಳಗೆ ಇಳಿದಿದೆ. ಆ ಮೈಯ ಇಕ್ಕೆಲಗಳಲ್ಲಿ, ಚಪ್ಪಡಿಯ ಅಂಚುಗಳ ಮೇಲೆ, ಬ್ರಾಹ್ಮೀ ಲಿಪಿಯ ಪ್ರಾಕೃತ ಅಕ್ಷರಗಳು ಓಡುತ್ತವೆ. ಅಕ್ಷರಗಳ ತಲೆ ದಪ್ಪ; ಕಾಲುಗಳು ಉದ್ದವಾಗಿ ಕೆಳಗೆ ಬಾಗಿ ಬಳ್ಳಿಯ ಕುಡಿಯಂತೆ ಹೊರಳಿಕೊಂಡಿವೆ. ಮಕ್ಕಳಾದ ನಾವು ಅದನ್ನು ನಾಗಪ್ಪನ ಮೈಮೇಲಿನ ಚಿತ್ತಾರವೆಂದೇ ತಿಳಿದಿದ್ದೆವು. ಚುಟುವಂಶದ ಸಾತಕರ್ಣಿಯ ಆಳ್ವಿಕೆಯ 12ನೆಯ ವರ್ಷದಲ್ಲಿ ಅರಸುಮಗಳೊಬ್ಬಳು ಈ ನಾಗನನ್ನೂ, ಒಂದು ಕೆರೆಯನ್ನೂ, ಒಂದು ವಿಹಾರವನ್ನೂ ದಾನ ಮಾಡಿದಳೆಂಬುದು ಅದರ ತಾತ್ಪರ್ಯ. ಕಡೆಯಲ್ಲಿ ಈ ನಾಗನನ್ನು ಮಾಡಿದ ಶಿಲ್ಪಿಯ ಹೆಸರೂ ಇದೆ, ಅವನು ನಟಕ. ವಿಹಾರ ಉಳಿಯಲಿಲ್ಲ; ನಟಕನ ಕೈಯ ಹಾವು ಉಳಿಯಿತು. ಅದಕ್ಕೆ ಇಂದಿಗೂ ಯಾರೋ ಅರಿಸಿನ ಕುಂಕುಮ ಹಚ್ಚಿರುತ್ತಾರೆ, ಹೆಡೆಯ ಮೇಲೆ ಒಂದೆರಡು ಹೂ ಇರುತ್ತವೆ, ಹಾಲು ಸುರಿದು ಸುರಿದು ಮಧ್ಯದ ಹೆಡೆಯ ಕೆಳಗೆ ಕಲ್ಲು ನುಣುಪಾಗಿದೆ. ಬೌದ್ಧವಿಹಾರದ ಜೊತೆಯಲ್ಲಿ ಕೊಡಲ್ಪಟ್ಟ ನಾಗ ಶಿವನ ಅಂಗಳದಲ್ಲಿ ಪೂಜೆಗೊಳ್ಳುತ್ತಿರುವುದನ್ನು ಒಂದು ವಿರೋಧಾಭಾಸವೆಂದು ನಾನು ಆ ಇಪ್ಪತ್ತು ಪುಟಗಳಲ್ಲಿ ಬರೆದಿದ್ದೆ. ಅದು ತಪ್ಪು. ಹಾಲೆರೆಯುವ ಹೆಂಗಸಿನ ಕೈಗೂ ಅರಸುಮಗಳ ಕೈಗೂ ನಡುವೆ ವಿರೋಧವೆಂಬುದು ಯಾವುದೂ ಇಲ್ಲ.

ಕದಂಬರ ಕಥೆಯನ್ನು ಕನ್ನಡಿಗರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ಬ್ರಾಹ್ಮಣ ವಟುವಾದ ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಹೋಗಿ, ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ನಡೆದ ಕಲಹದಲ್ಲಿ ಅವಮಾನಿತನಾಗಿ, ದರ್ಭೆ ಹಿಡಿಯುತ್ತಿದ್ದ ಕೈಯಲ್ಲಿ ಕತ್ತಿ ಹಿಡಿದು, ನಾಲ್ಕನೆಯ ಶತಮಾನದ ಮಧ್ಯದಲ್ಲಿ ರಾಜ್ಯವನ್ನು ಕಟ್ಟಿದ ವೃತ್ತಾಂತವನ್ನು ತಾಳಗುಂದದ ಸ್ತಂಭಶಾಸನದಿಂದ ನಾವು ಬಲ್ಲೆವು. ಅದನ್ನು ರಚಿಸಿದವನು ಕುಬ್ಜನೆಂಬ ಕವಿ. ಯುದ್ಧ, ಕೀರ್ತಿ, ಕಿರೀಟಗಳ ನಡುವೆ ಆ ಕವಿ ಒಂದು ಸಣ್ಣ ವಿಷಯವನ್ನು ಮರೆಯದೆ ಹೇಳುತ್ತಾನೆ: ಆ ಮನೆತನದವರ ಮನೆಯ ಬಳಿ ಕದಂಬವೃಕ್ಷವೊಂದಿತ್ತು, ಅದನ್ನು ಅವರು ಸಲಹುತ್ತಿದ್ದರು, ಆದುದರಿಂದ ಅವರಿಗೆ ಆ ಹೆಸರು ಬಂದಿತು. ರಾಜ್ಯಕ್ಕೆ ರಾಜ್ಯವೇ ಮನೆಯಂಗಳದ ಒಂದು ಮರದ ಹೆಸರಿನಿಂದ ಖ್ಯಾತಿಗೆ ಬಂದಿರುವಾಗ, ನಾನು ಕದಂಬರನ್ನು ಕುರಿತು ಆರು ಪುಟಗಳನ್ನು ಬರೆದು ಮರವನ್ನು ಹೇಳದೆ ಬಿಟ್ಟಿದ್ದೆ. ಮುಂಗಾರಿನ ಮೋಡ ಕವಿದಾಗ ಚೆಂಡಿನಂತೆ ದುಂಡಾಗಿ, ಮೈತುಂಬ ಕೇಸರಗಳನ್ನು ಚಾಚಿ ಅರಳುವ ಆ ಹೂವನ್ನು ಕೈಯಲ್ಲಿ ಹಿಡಿದವರು ಅದರ ಪರಿಮಳವನ್ನು ಮರೆಯಲಾರರು.

ಇನ್ನು ಶತ್ರುವಿನ ಕಣ್ಣು. ಬಾದಾಮಿಯ ಚಾಳುಕ್ಯ ಇಮ್ಮಡಿ ಪುಲಕೇಶಿ ಬನವಾಸಿಯನ್ನು ಮುತ್ತಿದನಷ್ಟೆ. ಕ್ರಿಸ್ತಶಕ 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಆ ಮುತ್ತಿಗೆಯನ್ನು ವರ್ಣಿಸುವಾಗ, ವರದೆಯ ಎತ್ತರವಾದ ತೆರೆಗಳ ಮೇಲೆ ಆಡುವ ಹಂಸಗಳ ಸಾಲನ್ನು ಆ ನಗರಿಯ ಒಡ್ಯಾಣವೆನ್ನುತ್ತಾನೆ. ನೆಲದ ಮೇಲಿನ ಆ ಕೋಟೆ ಪುಲಕೇಶಿಯ ಸೇನಾಸಮುದ್ರ ಸುತ್ತಲೂ ಕವಿದಾಗ ನೋಡುವವರಿಗೆ ಜಲದುರ್ಗವಾಗಿ ತೋರಿತೆಂದು ಹೇಳುತ್ತಾನೆ. ತನ್ನ ಒಡೆಯ ಮುರಿಯಬಂದ ಊರನ್ನು ರವಿಕೀರ್ತಿ ಇಷ್ಟು ಆದರದಿಂದ ನೋಡಿದನಲ್ಲಾ ಎಂದು ನನಗೆ ಆಶ್ಚರ್ಯವಾಯಿತು. ಅದಕ್ಕಿಂತ ಹೆಚ್ಚಾಗಿ, ಅಜ್ಜಿಯ ಪ್ರಶ್ನೆಗೆ ಹಗೆಯ ಪಾಳೆಯದ ಕವಿಯೊಬ್ಬ ಹದಿಮೂರು ಶತಮಾನಗಳ ಹಿಂದೆಯೇ ಉತ್ತರ ಕೊಟ್ಟಿದ್ದನಲ್ಲಾ ಎಂದು ನಾಚಿಕೆಯಾಯಿತು. ಅವನ ಪದ್ಯದಲ್ಲಿ ಹೊಳೆ ಇದೆ. ಊರು ಕಾಣುವುದಕ್ಕೆ ಮುಂಚೆ ಹೊಳೆಯೇ ಕಾಣುತ್ತದೆ.

ಈಗ ಪಂಪನ ಮಾತಿಗೆ ಬರುತ್ತೇನೆ. ಬನವಾಸಿಯನ್ನು ಬರೆದವರೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವವನು ಅವನೇ. ಆದರೂ ಅವನು ಏನನ್ನು ಬರೆದನೆಂಬುದನ್ನು ನಾನು ಸರಿಯಾಗಿ ನೋಡಿದ್ದು ಬಹಳ ತಡವಾಗಿ. 902ರಲ್ಲಿ ಹುಟ್ಟಿ, 941ರ ಸುಮಾರಿನಲ್ಲಿ ವಿಕ್ರಮಾರ್ಜುನ ವಿಜಯವನ್ನು ರಚಿಸಿದಾಗ ಅವನು ಇದ್ದದ್ದು ವೇಮುಲವಾಡದ ಚಾಳುಕ್ಯ ಅರಿಕೇಸರಿಯ ಆಸ್ಥಾನದಲ್ಲಿ. ಎಂದರೆ ಇಂದಿನ ತೆಲಂಗಾಣದ ಒಣನೆಲದಲ್ಲಿ, ವರದೆಯಿಂದ ವಾರಗಟ್ಟಲೆ ನಡೆಯುವ ದೂರದಲ್ಲಿ. ಅವನ ತಂದೆಯ ಕಡೆಯವರು ವೆಂಗಿಮಂಡಲದವರು. ತಾಯಿ ಅಬ್ಬಣಬ್ಬೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ತಮ್ಮನಾದ ಜಿನವಲ್ಲಭನು ಕುರ್ಕ್ಯಾಲದ ಬೆಟ್ಟದ ಬಂಡೆಯ ಮೇಲೆ ಬರೆಯಿಸಿದ್ದಾನೆ. ಅವನು ಹಾಡಿದ ಬನವಾಸಿಯೂ ಒಂದು ಊರು ಮಾತ್ರವಲ್ಲ, ಬನವಾಸಿ ಪನ್ನಿರ್ಚ್ಛಾಸಿರವೆಂದು ಆಗ ಹೆಸರಾದ ಇಡಿಯ ನಾಡು.

ಮಹಾಕಾವ್ಯದಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂಬುದು ಲಾಕ್ಷಣಿಕರ ವಿಧಿ. ಸಮುದ್ರ, ಪರ್ವತ, ನಗರ, ಋತು, ಚಂದ್ರೋದಯ, ಸೂರ್ಯೋದಯ, ಉದ್ಯಾನ, ಜಲಕ್ರೀಡೆ ಇವೇ ಮೊದಲಾದವುಗಳನ್ನು ಕವಿಯಾದವನು ವರ್ಣಿಸಿ ತೋರಿಸತಕ್ಕದ್ದು. ಆ ವಿಧಿಯ ಪ್ರಕಾರ ರಚಿತವಾದ ನಗರವರ್ಣನೆಗಳನ್ನು ಸಾಲಾಗಿ ಓದಿದರೆ ಕೋಟೆಯ ಎತ್ತರ, ಅಗಳಿನ ಆಳ, ಸೌಧಗಳ ಧ್ವಜ, ಅಂಗಡಿಬೀದಿಯ ರತ್ನರಾಶಿ ಇವು ಎಲ್ಲ ಕಡೆಯಲ್ಲಿಯೂ ಒಂದೇ. ಅಯೋಧ್ಯೆಯನ್ನು ತೆಗೆದು ಹಸ್ತಿನಾವತಿಯನ್ನು ಇಟ್ಟರೂ ವರ್ಣನೆಗೆ ಊನ ಬಾರದು. ನನ್ನ ಇಪ್ಪತ್ತು ಪುಟಗಳೂ ಅದೇ ಜಾತಿಯವು. ರತ್ನರಾಶಿಯ ಸ್ಥಾನದಲ್ಲಿ ನಾನು ಶಕವರ್ಷಗಳನ್ನು ಇಟ್ಟಿದ್ದೆ, ಅಷ್ಟೇ. ಪಂಪನು ಆ ವಿಧಿಯನ್ನು ಬಲ್ಲವನು, ಇತರ ಸ್ಥಳಗಳಲ್ಲಿ ಅದನ್ನು ನಡೆಸಿಯೂ ಕೊಟ್ಟವನು. ತೀರ್ಥಯಾತ್ರೆಯ ನೆವದಲ್ಲಿ ಅರ್ಜುನನನ್ನು ಬನವಾಸಿಗೆ ಕರೆತಂದಾಗ ಮಾತ್ರ, ಆ ಪ್ರಸಿದ್ಧವಾದ ಪದ್ಯಗಳಲ್ಲಿ, ಅವನು ಕೋಟೆಯನ್ನು ಹೇಳಲಿಲ್ಲ, ಅರಮನೆಯನ್ನು ಹೇಳಲಿಲ್ಲ, ದೇವಾಲಯವನ್ನು ಹೇಳಲಿಲ್ಲ. ಮಾವು, ಬಳ್ಳಿ, ಸಂಪಗೆ, ಕೋಗಿಲೆ, ದುಂಬಿಗಳನ್ನು ಹೇಳಿದ. ಕೊಡುವುದರಲ್ಲಿ, ಅನುಭವಿಸುವುದರಲ್ಲಿ, ವಿದ್ಯೆಯಲ್ಲಿ, ಹಾಡಿನಲ್ಲಿ, ಸಲ್ಲಾಪದಲ್ಲಿ ಸುಖ ಕಾಣುವ ಜನರನ್ನು ಹೇಳಿದ. ಮತ್ತೆ ಹುಟ್ಟುವುದಾದರೆ ಅಂಥವರಾಗಿ, ಇಲ್ಲವಾದರೆ ಅಲ್ಲಿಯ ತೋಟದ ದುಂಬಿಯಾಗಿ ಕೋಗಿಲೆಯಾಗಿಯಾದರೂ ಹುಟ್ಟಬೇಕೆಂದ.

ಆಮೇಲಿನದು ಅಂಕುಶದ ಪದ್ಯ. ಶಾಲೆಯ ಗೋಡೆಗಳ ಮೇಲೆ, ಉತ್ಸವದ ಕಮಾನುಗಳ ಮೇಲೆ ಬರೆದೂ ಬರೆದೂ ಅದು ನಮಗೆ ಅತಿಪರಿಚಿತವಾಗಿದೆ. ಆದುದರಿಂದ ಅದರ ರಚನೆಯ ಕಡೆಗೆ ಗಮನ ಹೋಗುವುದು ಕಡಮೆ. ಅದರಲ್ಲಿ ಬನವಾಸಿಯ ವರ್ಣನೆಯೇ ಇಲ್ಲ. ಬನವಾಸಿ ಯಾವ ಯಾವ ಗಳಿಗೆಯಲ್ಲಿ ನೆನಪಾಗುತ್ತದೆಂಬುದು ಮಾತ್ರ ಇದೆ: ತೆಂಕಣ ಗಾಳಿ ಮೈಗೆ ತಾಗಿದರೆ, ಒಳ್ಳೆಯ ಮಾತು ಕಿವಿಗೆ ಬಿದ್ದರೆ, ಇಂಪಾದ ಹಾಡು ಕೇಳಿಸಿದರೆ, ಮಲ್ಲಿಗೆ ಬಿರಿದದ್ದು ಕಂಡರೆ, ವಸಂತದ ಹಬ್ಬ ಬಂದರೆ. ಈ ಗಾಳಿ ಬನವಾಸಿಯಲ್ಲಿ ಬೀಸುವ ಗಾಳಿಯಲ್ಲ, ವೇಮುಲವಾಡದಲ್ಲಿ ಬೀಸುವ ಗಾಳಿ. ಈ ಮಲ್ಲಿಗೆ ಅಲ್ಲಿಯ ಯಾವುದೋ ಹಿತ್ತಿಲಲ್ಲಿ ಬಿರಿದದ್ದು. ಪರಸ್ಥಳದಲ್ಲಿ ನಡೆಯುವ ಒಂದೊಂದು ಸುಖವೂ ಬಾಗಿಲಾಗಿ ತೆರೆದುಕೊಂಡು ಅವನನ್ನು ಒಂದೇ ಕಡೆಗೆ ಕರೆದೊಯ್ಯುತ್ತದೆ, ಮನಸ್ಸೆಂಬ ಆನೆ ಅಂಕುಶಕ್ಕೂ ನಿಲ್ಲದೆ ಅತ್ತಲೇ ಓಡುತ್ತದೆ. ಪ್ರೀತಿಯ ಸ್ಥಳ ಕಣ್ಣಿನಲ್ಲಿರುವುದಕ್ಕಿಂತ ಹೆಚ್ಚಾಗಿ ಮೈಯಲ್ಲಿರುತ್ತದೆ. ಚರ್ಮಕ್ಕೆ ತಾಗುವ ಗಾಳಿಯಲ್ಲಿ, ಮೂಗಿಗೆ ಬರುವ ಕಂಪಿನಲ್ಲಿ ಅದು ಹಠಾತ್ತಾಗಿ ಎಚ್ಚರಗೊಳ್ಳುತ್ತದೆ. ಅದನ್ನು ಬರೆಯಬೇಕೆಂದರೆ ಸ್ಥಳದ ಅಳತೆಯನ್ನಲ್ಲ, ಆ ಎಚ್ಚರದ ಗಳಿಗೆಯನ್ನು ಬರೆಯಬೇಕೆಂದು ಹತ್ತನೆಯ ಶತಮಾನದಲ್ಲಿಯೇ ಪಂಪನು ಕಂಡುಕೊಂಡಿದ್ದ. ನನಗೂ ಬನವಾಸಿ ಎಚ್ಚತ್ತದ್ದು ಬಾಡಿಗೆಯ ಕೋಣೆಯ ಹಂಚಿನಿಂದ ತೊಟ್ಟಿಕ್ಕಿದ ನೀರಿನ ಸದ್ದಿನಲ್ಲಿಯೇ. ಆದರೆ ಮರುದಿನ ನಾನು ಆ ಸದ್ದನ್ನು ಅಲ್ಲಿಯೇ ಬಿಟ್ಟು ಗ್ರಂಥಾಲಯಕ್ಕೆ ಹೋದೆ.

ಪಂಪನ ವಸಂತದ ಹಬ್ಬವನ್ನು ನಾನು ಬಹುಕಾಲ ಕವಿಸಮಯವೆಂದೇ ತಿಳಿದಿದ್ದೆ. ಆ ಭ್ರಾಂತಿಯನ್ನು ಕಳೆದದ್ದು ಗುಡ್ನಾಪುರದ ಶಾಸನ. ಬನವಾಸಿಯಿಂದ ಐದಾರು ಕಿಲೋಮೀಟರುಗಳ ದೂರದಲ್ಲಿ, ದೊಡ್ಡ ಕೆರೆಯೊಂದರ ದಡದಲ್ಲಿ ಗುಡ್ನಾಪುರವಿದೆ. ಗುಡ್ಡತಟಾಕವೆಂಬುದು ಶಾಸನದಲ್ಲಿ ಬರುವ ಹೆಸರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಬೆಳಕಿಗೆ ಬಂದ ಕಂಬದ ಮೇಲೆ, ಕ್ರಿಸ್ತಶಕ 500ರ ಆಸುಪಾಸಿನಲ್ಲಿ ಆಳುತ್ತಿದ್ದ ಕದಂಬ ರವಿವರ್ಮನ ದೀರ್ಘವಾದ ಸಂಸ್ಕೃತ ಶಾಸನವಿದೆ. ಅರಮನೆಯ ಸಮೀಪದಲ್ಲಿ, ನೃತ್ಯಶಾಲೆಗಳ ಪಕ್ಕದಲ್ಲಿ ಅವನು ಕಾಮದೇವನಿಗೆ ಆಲಯವನ್ನು ಕಟ್ಟಿಸಿದನೆಂದೂ, ಅಲ್ಲಿ ವಸಂತೋತ್ಸವ ನಡೆಯುತ್ತಿದ್ದಿತೆಂದೂ ಅದರಿಂದ ತಿಳಿದುಬರುತ್ತದೆ. ಪಂಪನಿಗೆ ನಾಲ್ಕು ಶತಮಾನಗಳ ಹಿಂದೆಯೇ ಬನವಾಸಿಯ ಮಗ್ಗುಲಿನ ಈ ಕೆರೆಯ ದಡದಲ್ಲಿ, ಮಾವು ಚಿಗುರಿದ ಕಾಲದಲ್ಲಿ, ಕುಣಿತ ಹಾಡುಗಳೊಡನೆ ವಸಂತವನ್ನು ಬರಮಾಡಿಕೊಳ್ಳುವ ರೂಢಿ ಅರಸನ ಆಶ್ರಯದಲ್ಲಿ ನೆಲೆಗೊಂಡಿತ್ತು. ಆ ರೂಢಿ ಪಂಪನ ಕಾಲದವರೆಗೆ ಅವಿಚ್ಛಿನ್ನವಾಗಿ ಬಂದಿತೆಂದು ನಾನು ಸಾಧಿಸಹೊರಟಿಲ್ಲ. ಕವಿಯ ಬಾಯಲ್ಲಿ ಬಂದ ಮಾತಿನ ಬೇರು ಆ ನೆಲದಲ್ಲಿತ್ತೆಂಬುದಷ್ಟೇ ನನಗೆ ಸಾಕು. ಒಂದು ಫಾಲ್ಗುಣದ ಸಂಜೆ ನಾನು ಆ ಕೆರೆಯ ಏರಿಯ ಮೇಲೆ ಬಹಳ ಹೊತ್ತು ಕುಳಿತಿದ್ದೆ. ನೀರಿನ ಮೇಲೆ ತಾವರೆಯ ಎಲೆಗಳು ಗಾಳಿಗೆ ಒಂದು ಅಂಚನ್ನು ಎತ್ತಿ ಮತ್ತೆ ಇಳಿಸುತ್ತಿದ್ದವು. ಎತ್ತಿದಾಗ ಎಲೆಯ ಅಡಿಯ ಕೆಂಪು ಕಾಣುತ್ತಿತ್ತು. ಆಚೆಯ ದಡದಲ್ಲಿ ಎಮ್ಮೆ ತೊಳೆಯುತ್ತಿದ್ದ ಹುಡುಗನೊಬ್ಬ ಯಾವುದೋ ಸಿನಿಮಾದ ಹಾಡನ್ನು ಗಟ್ಟಿಯಾಗಿ ಹಾಡುತ್ತಿದ್ದ, ಮತ್ತು ಅದು ಇಂಪಾಗಿಯೇ ಇತ್ತು.

ಮುಂದೆ ಅಧಿಕಾರ ಬಳ್ಳಿಗಾವೆಯ ಕಡೆಗೆ ಸರಿಯಿತು. ಬನವಾಸಿ ನಾಡಿನ ಹೆಸರಾಗಿ ಉಳಿಯಿತು, ರಾಜಧಾನಿಯಾಗಿ ಉಳಿಯಲಿಲ್ಲ. ಹದಿನೈದನೆಯ ಶತಮಾನದ ಚಾಮರಸನು ಪ್ರಭುಲಿಂಗಲೀಲೆಯಲ್ಲಿ ಮಮಕಾರನನ್ನು ಬನವಾಸಿಯ ಅರಸನನ್ನಾಗಿ ಮಾಡಿ, ಅವನ ಮಗಳು ಮಾಯೆಯನ್ನು ಮಧುಕೇಶ್ವರನ ಗುಡಿಗೆ ತಂದು, ಅಲ್ಲಿ ಮದ್ದಳೆ ನುಡಿಸುವ ಅಲ್ಲಮನ ಎದುರಿನಲ್ಲಿ ನಿಲ್ಲಿಸಿದ. ಮಮಕಾರದ ಮಗಳು ಮಾಯೆ, ಅವರ ಊರು ಬನವಾಸಿ. ಮೋಹದ ಕಥೆಗೆ ಊರು ಬೇಕಾದಾಗ ಕನ್ನಡದ ಕವಿಗೆ ಈ ಊರೇ ಒದಗಿತು. ಪಂಪನು ಬಿಡಲಾರದೆ ಹಂಬಲಿಸಿದ ಸ್ಥಳದಿಂದಲೇ ಅಲ್ಲಮನು ಎಲ್ಲವನ್ನೂ ಬಿಟ್ಟು ಹೊರಟನೆಂಬುದನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಹೊಸದಾಗಿ ಕೈಸೇರಿದ ಸೀಮೆಗಳ ಸ್ಥಿತಿಗತಿಯನ್ನು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಕಳುಹಿಸಿದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಬನವಾಸಿಗೆ ಬಂದ. ಅವನು ವೈದ್ಯ, ಸಸ್ಯಶಾಸ್ತ್ರಜ್ಞ. ಭತ್ತದ ಬಿತ್ತನೆ, ಅಡಕೆ ಮೆಣಸುಗಳ ತೋಟ, ಮಣ್ಣಿನ ಗುಣ, ಕಂದಾಯದ ಕ್ರಮ ಇವನ್ನು ರೈತರನ್ನು ಕೇಳಿ ಕೇಳಿ ಬರೆದುಕೊಂಡ; ಅವನ ಪ್ರವಾಸಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಆಳುವವರ ಉಪಯೋಗಕ್ಕಾಗಿ ಮಾಡಿದ ಬರಹ ಅದು. ಆದರೂ ಅದನ್ನು ನಾನು ಗೌರವದಿಂದ ಓದುತ್ತೇನೆ. ನನ್ನ ಮುತ್ತಜ್ಜನ ಅಜ್ಜ ತೋಟದ ಕಪ್ಪಿಗೆ ಸೊಪ್ಪು ಹಾಕುತ್ತಿದ್ದ ಬಗೆಯನ್ನು ತಿಳಿಯಬೇಕಾದರೆ ಪಂಪನಿಂದ ಸಾಧ್ಯವಿಲ್ಲ, ಬುಕಾನನ್ನನ ಕಡೆಗೇ ಹೋಗಬೇಕು. 1883ರ ಮುಂಬಯಿ ಗ್ಯಾಸೆಟಿಯರಿನ ಕೆನರಾ ಸಂಪುಟವೂ, 1931ರಲ್ಲಿ ಹೊರಬಂದ ಜಾರ್ಜ್ ಮೊರೇಸರ ಕದಂಬಕುಲವೆಂಬ ಗ್ರಂಥವೂ ಆಮೇಲಿನವು. ನನ್ನ ಪ್ರಬಂಧದ ವಿಷಯವೆಲ್ಲ ಇವುಗಳಿಂದಲೇ ಬಂದದ್ದು. ಲೋಪ ಅವುಗಳದಲ್ಲ. ಅವು ಮಾಡಹೊರಟ ಕೆಲಸವನ್ನು ಮಾಡಿವೆ. ನಾನು ಮಾಡಹೊರಟದ್ದು ಬೇರೆ, ಮಾಡಿದ್ದು ಬೇರೆ.

ಅಜ್ಜಿ ತೀರಿಕೊಂಡು ಈಗ ಬಹಳ ವರ್ಷಗಳಾದವು. ಮನೆ ಪರರ ಕೈಗೆ ಹೋಗಿ, ಹಂಚಿನ ಮಾಡಿನ ಬದಲು ಆರ್‌ಸಿಸಿ ಬಂದಿದೆ. ಜಗಲಿಯ ಕಂಬಗಳನ್ನು ಮಾತ್ರ ಹೇಗೋ ಉಳಿಸಿದ್ದಾರೆ. ಕಳೆದ ಸಲ ಹೋದಾಗ ಆ ಮನೆಯ ಸೊಸೆ, ನಾನು ಯಾರೆಂದು ತಿಳಿದ ಕೂಡಲೇ, "ಒಳಗೆ ಬನ್ನಿ, ನಿಮ್ಮದೇ ಮನೆ" ಎಂದು ಕರೆದು, ಬೆಲ್ಲದ ತುಂಡನ್ನೂ ಒಂದು ತಂಬಿಗೆ ನೀರನ್ನೂ ಮುಂದಿಟ್ಟಳು. ನೀರು ತಂಪಾಗಿತ್ತು, ರುಚಿ ಹಿಂದಿನದೇ. ಗುಡಿಗೆ ಹೋದೆ, ಒಂದು ಕಣ್ಣಿನಿಂದ ಮಧುಕೇಶ್ವರನನ್ನೂ ಮತ್ತೊಂದರಿಂದ ಪಾರ್ವತಿಯನ್ನೂ ನೋಡುತ್ತದೆಂದು ಊರವರು ಹೇಳುವ ನಂದಿಯ ಮುಂದೆ ನಿಂತೆ, ನಟಕನ ನಾಗನಿಗೆ ಕೈಮುಗಿದೆ, ಆಮೇಲೆ, ಚಿಕ್ಕಂದಿನಲ್ಲಿ ಅಜ್ಜಿಯ ಸೆರಗು ಹಿಡಿದು ಹೋಗುತ್ತಿದ್ದ ದಾರಿಯಲ್ಲಿ ಹೊಳೆಗೆ ಇಳಿದೆ. ಅಂದು ರಾತ್ರಿ ಸಿರಸಿಯ ವಸತಿಗೃಹದಲ್ಲಿ ಕುಳಿತು, ಹಳೆಯ ಇಪ್ಪತ್ತು ಪುಟಗಳನ್ನು ಪಕ್ಕಕ್ಕಿಟ್ಟು, ಹೊಸ ಹಾಳೆಯಲ್ಲಿ ಬರೆದದ್ದು ಇಷ್ಟು:

ಬೆಳಗಿನ ಜಾವ ಹೊಳೆಗೆ ಹೋಗುವಾಗ ಅಜ್ಜಿ ಲಾಂದ್ರ ಹಿಡಿಯುತ್ತಿರಲಿಲ್ಲ. ಕಾಲಿಗೆ ಗೊತ್ತು ಎನ್ನುತ್ತಿದ್ದಳು. ಬೀದಿಯ ಮಣ್ಣು ಮುಗಿದು ಕಲ್ಲು ಮೊದಲಾಗುವಲ್ಲಿ ಗಾಳಿ ಬದಲಾಗುತ್ತದೆ. ಮುಖಕ್ಕೆ ತಣ್ಣನೆಯ ಹಸಿಯ ವಾಸನೆ, ಕೊಳೆತ ಎಲೆಯದೂ ಪಾಚಿಯದೂ ಸೇರಿದ್ದು, ತಟ್ಟುತ್ತದೆ. ಮೆಟ್ಟಿಲುಗಳು ಒಂದೇ ಎತ್ತರದವಲ್ಲ. ಮೂರನೆಯದು ಒಡೆದಿದೆ, ಅಲ್ಲಿ ಅವಳು ನಿಂತು ನನ್ನ ಕೈಗಾಗಿ ಹಿಂದಕ್ಕೆ ಕೈ ಚಾಚುತ್ತಿದ್ದಳು. ಬೇಸಗೆಯಲ್ಲಿ ಕಡೆಯ ಮೆಟ್ಟಿಲಿನ ಆಚೆಗೂ ನಡೆಯಬಹುದು, ಮರಳು ಕಾಲಿನ ಬೆರಳುಗಳ ಸಂದಿಯಲ್ಲಿ ಏಳುತ್ತದೆ, ಸಣ್ಣ ಮೀನುಗಳು ಬಂದು ಹಿಮ್ಮಡಿಯನ್ನು ಕಚ್ಚಿ ನೋಡುತ್ತವೆ. ಆಷಾಢದಲ್ಲಿ ಆ ಮೆಟ್ಟಿಲುಗಳಾವುವೂ ಇಲ್ಲ; ಕೆಂಪು ನೀರು ದಡದ ಹೊಂಗೆಯ ಬುಡದವರೆಗೆ ಬಂದು, ಕಿತ್ತು ಬಂದ ಬಾಳೆಯ ಗಿಡಗಳನ್ನು ನಿಲ್ಲಿಸಿಕೊಂಡೇ ತೇಲಿಸಿಕೊಂಡು ಹೋಗುತ್ತದೆ, ಮತ್ತು ರಾತ್ರಿ ಮನೆಯಲ್ಲಿ ಮಲಗಿದವರಿಗೆ ಅದರ ಸದ್ದು ಗೋಡೆಯ ಒಳಗಿನಿಂದಲೇ ಬಂದಂತೆ ಕೇಳಿಸುತ್ತದೆ. ಅಜ್ಜಿ ಆ ಸದ್ದಿಗೆ ಎದ್ದು ಕುಳಿತು, ನೀರು ಎಲ್ಲಿಯವರೆಗೆ ಬಂದಿದೆಯೆಂದು ಕತ್ತಲಲ್ಲಿಯೇ ಹೇಳುತ್ತಿದ್ದಳು. ಬೆಳಗ್ಗೆ ನಾವು ಓಡಿಹೋಗಿ ನೋಡಿದರೆ ಅಲ್ಲಿಯವರೆಗೇ ಬಂದಿರುತ್ತಿತ್ತು.